ಲಾಲ್‌ಬಾಗಿನ ಚರಿತ್ರೆಯೊಡನೆ ಗಿಡ ಮಾರುವ ದಾವಣಗೆರೆಯ ಒಂದು ನರ್ಸರಿ

ದಾವಣಗೆರೆಯಿಂದ ಹರಿಹರಕ್ಕೆ ಹೋಗುವ ಹಳೆಯ ರಸ್ತೆಯಲ್ಲಿ, ಬಾತಿ ಕೆರೆ ಸಿಗುವ ಮುನ್ನ, ಒಂದು ಎಕರೆಗೆ ಸ್ವಲ್ಪ ಕಡಿಮೆ ಜಾಗದಲ್ಲಿರುವ ನರ್ಸರಿಯೊಂದನ್ನು ಕುರಿತು ಈ ಬರಹ. ರಸ್ತೆಯ ಫಲಕದಲ್ಲಿ ‘ಎಲ್ಲಾ ತರಹದ ಗಿಡಗಳು ದೊರೆಯುತ್ತವೆ’ ಎಂದಷ್ಟೇ ಬರೆದಿದ್ದರೂ ಸುತ್ತಲಿನವರು ಇದನ್ನು ‘ಬೋರ್ಡ್ ನರ್ಸರಿ’ ಎಂದೇ ಕರೆಯುತ್ತಾರೆ. ಕಾರಣ ಒಳಗೆ ಕಾಲಿಟ್ಟ ಕೂಡಲೇ ತಿಳಿಯುತ್ತದೆ. ಸಾಲು ಸಾಲಿನ ತುದಿಯಲ್ಲೂ ಮೊಣಕಾಲೆತ್ತರದ ಕಬ್ಬಿಣದ ಕಂಬಿಗೆ ಒಂದು ತಗಡಿನ ಹಲಗೆ ಕಟ್ಟಿ, ಅದರ ಮೇಲೆ ಬಿಳಿ ಬಣ್ಣದಲ್ಲಿ ಆ ಸಾಲಿನ ಗಿಡ ಮೂಲತಃ ಯಾವ ದೇಶದ್ದು, ಬೆಂಗಳೂರಿನ ಲಾಲ್‌ಬಾಗಿನಲ್ಲಿ ಯಾರ ಕಾಲಕ್ಕೆ ಸೇರಿದ್ದು, ಯಾವ ಉಪಯೋಗಕ್ಕೆ ಒದಗುತ್ತದೆ ಎಂಬುದನ್ನು ನಾಲ್ಕೈದು ಸಾಲುಗಳಲ್ಲಿ ಬರೆದಿದ್ದಾರೆ. ಗಿಡದ ಜೊತೆಗೆ ಗಿಡದ ಚರಿತ್ರೆಯನ್ನೂ ಕೊಡುವ ಇಂಥ ಅಂಗಡಿಯನ್ನು ನಮ್ಮ ಸೀಮೆಯಲ್ಲಿ ನಾನು ಬೇರೆಲ್ಲೂ ಕಂಡಿಲ್ಲ. ಆದ್ದರಿಂದ ಗಿಡಗಳ ಗುಣವನ್ನು ಪರೀಕ್ಷಿಸುವಷ್ಟೇ ಶ್ರದ್ಧೆಯಿಂದ ಹಲಗೆಗಳ ಬರಹವನ್ನೂ ಪರೀಕ್ಷಿಸುವುದು ನ್ಯಾಯವೆಂದು ತೋರುತ್ತದೆ.

ನರ್ಸರಿಯ ಮಾಲೀಕರು ಹಿರಿಯರು. ತೋಟಗಾರಿಕೆ ಇಲಾಖೆಯು ರೈತರ ಮಕ್ಕಳಿಗಾಗಿ ನಡೆಸುವ ಹತ್ತು ತಿಂಗಳ ತರಬೇತಿಯನ್ನು ಯೌವನದಲ್ಲಿ ಲಾಲ್‌ಬಾಗಿನಲ್ಲಿ ಪಡೆದವರು. ಕಸಿ ಕಟ್ಟುವುದು, ಮಡಿ ಮಾಡುವುದು, ಗಿಡ ಸವರುವುದು, ಎಲ್ಲವೂ ಅಲ್ಲಿ ಕೈಗೆ ಬಂದ ವಿದ್ಯೆ. ಆ ತೋಟದ ಮೇಲಿನ ಅಭಿಮಾನವೂ ಅಲ್ಲಿಯದೇ. ಹಲಗೆಗಳ ಅಕ್ಷರ ಅವರ ಮಗಳದು, ದುಂಡಗೆ ಸ್ಪಷ್ಟವಾಗಿದೆ. ನಮ್ಮಲ್ಲಿ ಬಹುಪಾಲು ನರ್ಸರಿಗಳು ಆಂಧ್ರದ ಕಡಿಯಂನಿಂದ ಲಾರಿಯಲ್ಲಿ ಬರುವ ಗಿಡಗಳನ್ನು ಇಳಿಸಿಕೊಂಡು, ನಾಲ್ಕು ದಿನ ನೀರುಣಿಸಿ ಮಾರುತ್ತವೆ. ಹಾಗೆ ಮಾರುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಗಿಡದ ಹೆಸರು ಕೇಳಿದರೆ ‘ಹೂವಿನ ಗಿಡ ಸರ್, ಚೆನ್ನಾಗಿ ಬರ್ತೈತಿ’ ಎಂಬುದಕ್ಕಿಂತ ಹೆಚ್ಚಿನ ಉತ್ತರ ಅಲ್ಲಿ ಸಿಗುವುದು ಕಡಿಮೆ. ಇಲ್ಲಿಯೂ ಅಲಂಕಾರದ ಗಿಡಗಳಲ್ಲಿ ಒಂದಷ್ಟು ಕಡಿಯಂನಿಂದಲೇ ಬರುತ್ತವೆ ಎಂಬುದನ್ನು ಮಾಲೀಕರು ಮುಚ್ಚಿಡುವುದಿಲ್ಲ. ಹಣ್ಣಿನ ಕಸಿಗಳು, ಸಾಲುಮರಗಳ ಸಸಿಗಳು ಮತ್ತು ಗುಲಾಬಿಯ ಕೆಲವು ಬಗೆಗಳು ಮಾತ್ರ ಇಲ್ಲಿಯೇ ತಯಾರಾದವು.

ಬಾಗಿಲ ಬಳಿಯ ಮೊದಲ ಸಾಲುಗಳಲ್ಲಿ ಗುಲಾಬಿ, ದಾಳಿಂಬೆ ಮತ್ತು ಸೈಪ್ರಸ್ ಇವೆ. ಈ ಮೂರನ್ನೂ ಒಂದೆಡೆ ಇಟ್ಟದ್ದು ಆಕಸ್ಮಿಕವಲ್ಲ. ಹಲಗೆಯ ಪ್ರಕಾರ ಇದು ‘ನವಾಬರ ಕಾಲದ ತೋಟ’. ಹೈದರ್ ಅಲಿ 1760ರಲ್ಲಿ ಬೆಂಗಳೂರಿನ ಕೋಟೆಯ ಹೊರಗೆ ಸುಮಾರು 40 ಎಕರೆಯಲ್ಲಿ ಲಾಲ್‌ಬಾಗನ್ನು ಆರಂಭಿಸಿದ. ಶಿರಾದಲ್ಲಿ ಮೊಘಲರ ಸುಬೇದಾರನಾಗಿದ್ದ ದಿಲಾವರ್ ಖಾನನ ತೋಟವೇ ಅದಕ್ಕೆ ಮಾದರಿಯಾಯಿತು ಎಂಬ ಅಭಿಪ್ರಾಯ ಬಹುಕಾಲದಿಂದ ಇದೆ. ನಾವು ಚಿತ್ರದುರ್ಗ, ಹಿರಿಯೂರು ದಾಟಿ ಬೆಂಗಳೂರಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ನೋಡಿ ಮರೆಯುವ ಶಿರಾಕ್ಕೆ ಇಂಥದೊಂದು ಸ್ಥಾನವಿದೆ ಎಂಬುದು ನಮ್ಮ ಭಾಗದವರಿಗೆ ತಿಳಿದಿರಬೇಕಾದ ಸಂಗತಿ. ಹೈದರನ ಮಗ ಟಿಪ್ಪು ಸುಲ್ತಾನ್ ತೋಟವನ್ನು ಬೆಳೆಸಿದ. ಹೊರದೇಶಗಳಿಂದ ಗಿಡ, ಬೀಜಗಳನ್ನು ತರಿಸಿದ. 1788ರಲ್ಲಿ ಫ್ರಾನ್ಸಿನ ದೊರೆಯ ಆಸ್ಥಾನ ಮುಟ್ಟಿದ ಅವನ ರಾಯಭಾರಿಗಳು ಕುಶಲಕರ್ಮಿಗಳ ಜೊತೆಗೆ ಗಿಡಗಳನ್ನೂ ತೋಟಗಾರರನ್ನೂ ಕೇಳಿದ್ದರು.

ಆ ತೋಟ ಹೇಗಿತ್ತು ಎಂಬುದಕ್ಕೆ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಬಿಟ್ಟುಹೋದ ವರ್ಣನೆ ಬಹಳ ಮುಖ್ಯವಾದುದು. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯನ್ನು ಸುತ್ತಿದ ಅವನು ಕಂಡಂತೆ, ತೋಟವನ್ನು ಚೌಕಾಕಾರದ ಪಾತಿಗಳಾಗಿ ವಿಂಗಡಿಸಲಾಗಿತ್ತು. ಪಾತಿಗಳ ನಡುವೆ ಹಾದಿಗಳು, ಹಾದಿಗಳ ಇಕ್ಕೆಲದಲ್ಲಿ ಸೈಪ್ರಸ್ ಮರಗಳು. ಒಂದು ಪಾತಿಯಲ್ಲಿ ಗುಲಾಬಿ ಮಾತ್ರ, ಇನ್ನೊಂದರಲ್ಲಿ ದಾಳಿಂಬೆ ಮಾತ್ರ, ಹೀಗೆ ಒಂದೊಂದು ಜಾತಿಗೂ ಒಂದೊಂದು ತುಂಡು ನೆಲ. ನರ್ಸರಿಯವರು ಈ ಮೂರು ಗಿಡಗಳನ್ನು ಅಕ್ಕಪಕ್ಕದಲ್ಲಿ ಜೋಡಿಸಿದ್ದು ಈ ವರ್ಣನೆಯನ್ನು ಅನುಸರಿಸಿಯೇ. ಓದಿ ತಿಳಿದುದನ್ನು ನೆಲದ ಮೇಲೆ ಜೋಡಿಸಿ ತೋರಿಸುವ ಈ ಕಾಳಜಿಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಸೈಪ್ರಸ್ ಸಸಿಗಳು ನೆಟ್ಟಗೆ, ಬುಡದಿಂದಲೇ ತುಂಬಿಕೊಂಡು ಬೆಳೆದಿವೆ. ಗುಲಾಬಿಯ ಬೆಲೆ 60 ರೂಪಾಯಿಯಿಂದ ಆರಂಭವಾಗುತ್ತದೆ. ಕಣ್ಣು ಕಸಿ ಮಾಡಿದ ಗಿಡಗಳಿಗೆ ಸ್ವಲ್ಪ ಹೆಚ್ಚು. ಕೊಳ್ಳುವಾಗ ಕಸಿ ಕಟ್ಟಿದ ಜಾಗದ ಕೆಳಗಿನಿಂದ ಚಿಗುರು ಹೊರಟಿಲ್ಲವೆಂದು ನೋಡಿಕೊಳ್ಳುವುದು ಒಳ್ಳೆಯದು. ಕೆಳಗಿನ ಕಾಡುಗುಲಾಬಿ ಮೇಲೆದ್ದರೆ ಕಸಿಯ ಹೂವು ಸೊರಗುತ್ತದೆ.

ಈ ಸಾಲಿನ ಹಲಗೆಯಲ್ಲಿ ಒಂದು ಮಾತು ಸೇರಿದ್ದರೆ ದಾವಣಗೆರೆಯವರಿಗೆ ಇನ್ನಷ್ಟು ಹತ್ತಿರವಾಗುತ್ತಿತ್ತು. ಲಾಲ್‌ಬಾಗನ್ನು ಆರಂಭಿಸಿದ ಅದೇ ಹೈದರ್ ಅಲಿ, ಆಗ ಚಿಕ್ಕ ಹಳ್ಳಿಯಾಗಿದ್ದ ದಾವಣಗೆರೆಯನ್ನು ಅಪೋಜಿರಾಮನೆಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟ. ಅಪೋಜಿರಾಮ ವರ್ತಕರನ್ನು ಕರೆದು ನೆಲೆಗೊಳಿಸಿದ್ದರಿಂದ ಊರು ವ್ಯಾಪಾರದ ಕೇಂದ್ರವಾಗಿ ಬೆಳೆಯತೊಡಗಿತು. 1779ರಲ್ಲಿ ಚಿತ್ರದುರ್ಗದ ಮದಕರಿ ನಾಯಕನ ಕೋಟೆಯನ್ನು ಗೆದ್ದವನೂ ಹೈದರನೇ. ದುರ್ಗದ ಪತನವನ್ನು ನೋವಿನಿಂದಲೇ ನೆನೆಯುವ ನಮ್ಮ ಜನರಿಗೆ, ಆ ಮನುಷ್ಯ ಒಂದು ಕೈಯಲ್ಲಿ ಕೋಟೆಗಳನ್ನು ಕೆಡವುತ್ತ ಇನ್ನೊಂದು ಕೈಯಲ್ಲಿ ತೋಟವನ್ನೂ ಪೇಟೆಯನ್ನೂ ಕಟ್ಟುತ್ತಿದ್ದ ಎಂಬುದನ್ನು ಒಟ್ಟಿಗೆ ಗ್ರಹಿಸುವುದು ಸುಲಭವಲ್ಲ. ಆದರೂ ಚರಿತ್ರೆಯನ್ನು ಬರೆದು ನಿಲ್ಲಿಸುವವರು ಎರಡನ್ನೂ ಬರೆಯಬೇಕು.

ಎರಡನೆಯ ಹಲಗೆಯಲ್ಲಿ ‘ಹೈದರ್ ಅಲಿ ಕಟ್ಟಿಸಿದ 240 ಎಕರೆಯ ತೋಟ’ ಎಂದಿದೆ. ಇದು ತಿದ್ದಬೇಕಾದ ಬರಹ. 240 ಎಕರೆ ಎಂಬುದು ಇಂದಿನ ವಿಸ್ತಾರ. ಹೈದರನ 40 ಎಕರೆ ಅಷ್ಟಾಗಿ ಬೆಳೆಯಲು ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು. ಅದರಲ್ಲಿ ದೊಡ್ಡ ಪಾಲು 1889ರಿಂದ 1894ರವರೆಗೆ, ಕೆಂಪೇಗೌಡರ ಗೋಪುರವಿರುವ ಬಂಡೆಯನ್ನೂ ಅದರ ಕೆಳಗಿನ ನೆಲವನ್ನೂ ಸೇರಿಸಿಕೊಂಡಾಗ ಕೂಡಿದ್ದು. ಆ ಬಂಡೆ ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದು ಮತ್ತು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿತವಾಗಿದೆ. ನಮ್ಮ ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯ ದಿಂಬಿನಾಕಾರದ ಲಾವಾ ಶಿಲೆಗಳಿಗೂ ಅದೇ ಮನ್ನಣೆ ದೊರೆತಿದೆ. ಲಾಲ್‌ಬಾಗಿನ ಬಂಡೆಯ ಮೇಲೆ ನಿಂತು ಚಿತ್ರ ತೆಗೆಸಿಕೊಂಡ ನಮ್ಮವರಲ್ಲಿ ಮರಡಿಹಳ್ಳಿಯನ್ನು ನೋಡಿದವರು ವಿರಳ.

ಅರಸರ ತೋಟ ಸಸ್ಯಶಾಸ್ತ್ರದ ತೋಟವಾದ ನಡುವಿನ ಕಾಲವನ್ನು ಹಲಗೆಗಳು ಪೂರ್ತಿ ಬಿಟ್ಟುಬಿಟ್ಟಿವೆ. ಟಿಪ್ಪುವಿನಿಂದ ನೇರವಾಗಿ ಗಾಜಿನ ಮನೆಗೆ ನೆಗೆಯುತ್ತವೆ. ನನ್ನ ದೃಷ್ಟಿಯಲ್ಲಿ ಈ ನರ್ಸರಿಯ ದೊಡ್ಡ ಕೊರತೆ ಇದೇ. ಏಕೆಂದರೆ ನರ್ಸರಿ ಎಂಬ ಕಸುಬಿಗೆ ಅತ್ಯಂತ ಹತ್ತಿರವಾದ ಕಥೆ ಇರುವುದು ಆ ಕಾಲದಲ್ಲಿ. 1799ರ ನಂತರ ತೋಟ ಮೇಜರ್ ಗಿಲ್ಬರ್ಟ್ ವಾ ಎಂಬ ಸೈನ್ಯಾಧಿಕಾರಿಯ ಕೈಗೆ ಬಂತು. 1819ರಲ್ಲಿ ಅವನು ಅದನ್ನು ಈಸ್ಟ್ ಇಂಡಿಯಾ ಕಂಪನಿಗೆ ಒಪ್ಪಿಸಿದ. 1831ರವರೆಗೆ ಅದು ಕಲ್ಕತ್ತೆಯ ಸಸ್ಯತೋಟದ ಮೇಲ್ವಿಚಾರಣೆಯಲ್ಲಿತ್ತು. 1836ರಲ್ಲಿ ಕೃಷಿ ಮತ್ತು ತೋಟಗಾರಿಕೆ ಸಂಘವೊಂದು ಅದನ್ನು ವಹಿಸಿಕೊಂಡಿತು. 1842ರಲ್ಲಿ ಆ ಸಂಘವೂ ಮುಚ್ಚಿತು. ಕೈಯಿಂದ ಕೈಗೆ ದಾಟುತ್ತ ಗೊತ್ತುಗುರಿಯಿಲ್ಲದೆ ಇದ್ದ ತೋಟಕ್ಕೆ 1856ರಲ್ಲಿ ಸರ್ಕಾರಿ ಸಸ್ಯತೋಟವೆಂಬ ಸ್ಥಾನ ದೊರೆಯಲು ಮುಖ್ಯ ಕಾರಣನಾದವನು ಹ್ಯೂ ಕ್ಲೆಗ್‌ಹಾರ್ನ್.

ಕ್ಲೆಗ್‌ಹಾರ್ನ್ ನಮಗೆ ಪರಕೀಯನಲ್ಲ. 1840ರ ದಶಕದಲ್ಲಿ ವೈದ್ಯನಾಗಿ ಶಿವಮೊಗ್ಗದಲ್ಲಿ ಕೆಲಸ ಮಾಡುತ್ತಿದ್ದಾಗಲೇ ನಮ್ಮ ನೆರೆಯ ಮಲೆನಾಡಿನ ಗಿಡಮರಗಳನ್ನು ಅಭ್ಯಾಸ ಮಾಡಿದವನು; ಮುಂದೆ ಮದ್ರಾಸ್ ಪ್ರಾಂತ್ಯದ ಅರಣ್ಯಗಳ ಮುಖ್ಯ ಅಧಿಕಾರಿಯಾದವನು. ಲಾಲ್‌ಬಾಗು ಲಾಭ ಗಳಿಸುವ ತೋಟವಾಗಬಾರದು ಎಂಬುದು ಅವನ ನಿಲುವು. ನಾಡಿನ ಗಿಡಗಳ ಉಪಯೋಗವನ್ನು ಹೆಚ್ಚಿಸಬೇಕು, ಹೊರಗಿನ ಗಿಡಗಳು ಇಲ್ಲಿ ನೆಲೆಗೊಳ್ಳುತ್ತವೆಯೇ ಎಂದು ಪರೀಕ್ಷಿಸಬೇಕು, ಮದ್ರಾಸ್, ಕಲ್ಕತ್ತೆ, ಊಟಿ, ಲಂಡನ್ನಿನ ತೋಟಗಳೊಡನೆ ಗಿಡಬೀಜಗಳನ್ನು ಕೊಟ್ಟು ತೆಗೆದುಕೊಳ್ಳಬೇಕು ಎಂದು ಅವನು ವಾದಿಸಿದ. 1858ರಲ್ಲಿ ಲಂಡನ್ನಿನ ‘ಕ್ಯೂ’ ಸಸ್ಯತೋಟದಲ್ಲಿ ಪಳಗಿದ ವಿಲಿಯಂ ನ್ಯೂ ಮೇಲ್ವಿಚಾರಕನಾಗಿ ಬಂದಮೇಲೆ ಈ ಕೆಲಸ ಕ್ರಮವಾಗಿ ನಡೆಯತೊಡಗಿತು. ದೂರದಿಂದ ಬಂದ ಗಿಡವನ್ನು ಮೊದಲು ಇಲ್ಲಿನ ಮಣ್ಣಿನಲ್ಲಿ, ಇಲ್ಲಿನ ಬಿಸಿಲಿನಲ್ಲಿ ಇಟ್ಟು ನೋಡಿ, ನಿಂತರೆ ಹೆಚ್ಚಿಸಿ, ಹೆಚ್ಚಿಸಿದ್ದನ್ನು ಹಂಚುವುದು: ಇಷ್ಟೇ ಆ ಕೆಲಸ. ಬಾತಿಯ ಬಳಿಯ ಈ ಚಿಕ್ಕ ನರ್ಸರಿ ಮಾಡಬೇಕಾದುದೂ ಅದನ್ನೇ. ಈ ಅಳತೆಯಿಂದಲೇ ನಾನು ಇದನ್ನು ತೂಗಿ ನೋಡುತ್ತೇನೆ.

ತರಕಾರಿಯ ವಿಭಾಗ ನೆರಳುಪರದೆಯ ಅಡಿಯಲ್ಲಿದೆ. ಅಲ್ಲಿ ಸೀಮೆಬದನೆಯ ಬಳ್ಳಿಗೆ ಹಾಕಿರುವ ಹಲಗೆ ಇಡೀ ನರ್ಸರಿಯಲ್ಲಿ ಅತ್ಯುತ್ತಮವಾದುದು. ಮೆಕ್ಸಿಕೊ ಮತ್ತು ಅದರ ನೆರೆಯ ದೇಶಗಳಿಗೆ ಸೇರಿದ ಈ ತರಕಾರಿಯನ್ನು ಲಾಲ್‌ಬಾಗಿಗೆ ತಂದು ಬೆಳೆಸಿದವರು ಜಾನ್ ಕ್ಯಾಮೆರಾನ್ ಎಂದು ಅದು ಸರಿಯಾಗಿ ಹೇಳುತ್ತದೆ. 1874ರಿಂದ 1908ರವರೆಗೆ, ಮೂರು ದಶಕಕ್ಕೂ ಹೆಚ್ಚು ಕಾಲ, ತೋಟದ ಮೇಲ್ವಿಚಾರಣೆ ಅವರದಾಗಿತ್ತು. ಮದುವೆ ಮನೆಯ ಕೂಟಿನಲ್ಲಿ, ಖಾನಾವಳಿಯ ಸಾಂಬಾರಿನಲ್ಲಿ ನಾವು ಯೋಚಿಸದೆ ಉಣ್ಣುವ ಸೀಮೆಬದನೆಯ ಹಿಂದೆ ಒಬ್ಬ ತೋಟಗಾರನ ಪ್ರಯೋಗವಿದೆ ಎಂದು ತಿಳಿದಾಗ ಮಕ್ಕಳಿಗೆ ಮಾತ್ರವಲ್ಲ, ದೊಡ್ಡವರಿಗೂ ಆಶ್ಚರ್ಯವಾಗುತ್ತದೆ. ತನ್ನ ತಾಯಿಯೊಡನೆ ಬಂದಿದ್ದ ಹುಡುಗಿಯೊಬ್ಬಳು ಹಲಗೆಯನ್ನು ಗಟ್ಟಿಯಾಗಿ ಓದಿ, ‘ಅವ್ವಾ, ಇದು ನಮ್ದಲ್ವಂತೆ’ ಎಂದಾಗ ಮಾಲೀಕರು, ‘ನೂರು ವರ್ಷದ ಮ್ಯಾಲೆ ನಮ್ ನೆಲದಾಗೈತಲ್ಲವ್ವಾ, ಈಗ ನಮ್ದ’ ಎಂದರು. ನನಗೆ ಆ ಮಾತು ಒಪ್ಪಿಗೆಯಾಯಿತು.

ಆದರೆ ಗಿಡ ಕೊಳ್ಳುವವರಿಗೆ ಅದೇ ಹಲಗೆ ಒಂದು ಮುಖ್ಯ ವಿಷಯವನ್ನು ಹೇಳುವುದಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ದಾವಣಗೆರೆ 600 ಮೀಟರಿನ ಆಸುಪಾಸಿನಲ್ಲಿದೆ. ಸೀಮೆಬದನೆ ತಂಪನ್ನು ಬಯಸುವ ಬಳ್ಳಿ. ನಮ್ಮ ಏಪ್ರಿಲ್ ಬಿಸಿಲಿಗೆ ಅದರ ಎಲೆಗಳು ಸುಟ್ಟಂತಾಗುತ್ತವೆ. ಹೂ ಬಿಟ್ಟರೂ ಕಾಯಿ ಕಚ್ಚುವುದು ಕಡಿಮೆ. ಮಳೆಗಾಲದ ಆರಂಭದಲ್ಲಿ ನೆಟ್ಟು, ಪಶ್ಚಿಮದ ಬಿಸಿಲು ತಾಗದ ಗೋಡೆಯ ಬದಿಗೆ ಚಪ್ಪರ ಹಾಕಿ, ಬೇಸಿಗೆಯಲ್ಲಿ ಬುಡಕ್ಕೆ ಒಣಹುಲ್ಲು ಮುಚ್ಚಿದರೆ ಬಳ್ಳಿ ಉಳಿಯುತ್ತದೆ. ಇದನ್ನು ನನಗೆ ಹೇಳಿದವರೂ ಮಾಲೀಕರೇ. ಆದರೆ ಕೇಳಿದ ಮೇಲೆ. ಕೇಳದೆ ಕೊಂಡೊಯ್ದವರು ಬೇಸಿಗೆಯಲ್ಲಿ ಬಳ್ಳಿ ಕಳೆದುಕೊಂಡು ನರ್ಸರಿಯನ್ನು ದೂರುವುದು ಸಹಜ. ಕ್ಯಾಮೆರಾನರ ಹೆಸರಿನ ಕೆಳಗೆ ಈ ಎರಡು ವಾಕ್ಯಗಳಿಗೂ ಜಾಗವಿತ್ತು.

ಗಾಜಿನ ಮನೆಯ ಚಿತ್ರವುಳ್ಳ ಹಲಗೆಯಲ್ಲಿ ಅದನ್ನು ಟಿಪ್ಪು ಸುಲ್ತಾನನ ಕಾಲಕ್ಕೆ ಸೇರಿಸಲಾಗಿದೆ. ಇದು ಗಂಭೀರವಾದ ತಪ್ಪು. ಶಾಲೆಯ ಮಕ್ಕಳು ಪುಸ್ತಕ ಹಿಡಿದು ಬರೆದುಕೊಂಡು ಹೋಗುವ ಜಾಗವಾದ್ದರಿಂದ ಬೇಗನೆ ತಿದ್ದಬೇಕಾದ ತಪ್ಪು. ಗಾಜಿನ ಮನೆಗೆ ಶಂಕುಸ್ಥಾಪನೆಯಾದದ್ದು 1889ರ ನವೆಂಬರ್ 30ರಂದು, ಬ್ರಿಟಿಷ್ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಬೆಂಗಳೂರಿಗೆ ಬಂದಾಗ. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನ ಮಾದರಿಯಿಂದ ಪ್ರೇರಿತವಾದ ಆ ಕಟ್ಟಡದ ಎರಕದ ಕಬ್ಬಿಣದ ಕೆಲಸ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಸ್ಯಾರಸೆನ್ ಫೌಂಡ್ರಿಯದು. ಆ ವೇಳೆಗೆ, 1881ರಲ್ಲಿ, ಆಡಳಿತ ಮೈಸೂರು ಅರಸರಿಗೆ ಮರಳಿತ್ತು. ಸಿಂಹಾಸನದಲ್ಲಿ ಹತ್ತನೆಯ ಚಾಮರಾಜೇಂದ್ರ ಒಡೆಯರಿದ್ದರು. ಲಾಲ್‌ಬಾಗಿನಲ್ಲಿ ಕುದುರೆಯ ಮೇಲೆ ಕುಳಿತಿರುವ ಪ್ರತಿಮೆ ಅವರದೇ. ಟಿಪ್ಪುವಿಗೆ ಸಲ್ಲಬೇಕಾದ ಗೌರವ ಅವನು ಮಾಡಿದ ಕೆಲಸಕ್ಕೆ ಸಲ್ಲಲಿ. ತೊಂಬತ್ತು ವರ್ಷಗಳ ನಂತರದ ಕಟ್ಟಡವನ್ನು ಅವನ ಹೆಸರಿಗೆ ಬರೆದರೆ ಕ್ಯಾಮೆರಾನರಿಗೂ ಒಡೆಯರಿಗೂ ಅನ್ಯಾಯವಾಗುತ್ತದೆ. ಈ ವಿಷಯವನ್ನು ಮಾಲೀಕರ ಗಮನಕ್ಕೆ ತಂದಾಗ ಅವರು ಬೇಸರಪಟ್ಟುಕೊಳ್ಳಲಿಲ್ಲ. ಮಗಳನ್ನು ಕರೆದು ಇಸವಿಯನ್ನು ಬರೆದುಕೊಳ್ಳಲು ಹೇಳಿದರು.

ಕುಂದವಾಡ ಕೆರೆಯ ಬಳಿ ನಮ್ಮ ಊರಿಗೂ ಈಗ ಲಾಲ್‌ಬಾಗಿನ ಮಾದರಿಯ ಗಾಜಿನ ಮನೆ ಬಂದಿದೆ, ಫಲಪುಷ್ಪ ಪ್ರದರ್ಶನಗಳಿಗೆ ಜನ ಸೇರುತ್ತಾರೆ. ಅಲ್ಲಿಗೆ ಹೋಗಿಬಂದ ಕುಟುಂಬಗಳು ಮರುವಾರ ಈ ನರ್ಸರಿಗೆ ಬಂದು, ಅಲ್ಲಿ ಕಂಡ ಹೂವಿನ ಗಿಡ ಬೇಕೆಂದು ಕೇಳುವುದು ಸಾಮಾನ್ಯವಂತೆ. ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯೋತ್ಸವದ ಸಂದರ್ಭದಲ್ಲಿ ನಡೆಯುವ ಪ್ರದರ್ಶನಗಳಿಗೂ ಇದೇ ಫಲವಿತ್ತು: ನೋಡಿದವರು ಮನೆಯಲ್ಲಿ ಬೆಳೆಸಲು ಬಯಸಿದರು, ಬಯಸಿದವರಿಗೆ ಸಸಿ ಬೇಕಾಯಿತು.

ಹಿಂಭಾಗದ ಸಾಲುಮರಗಳ ವಿಭಾಗಕ್ಕೆ ಬಂದರೆ ಗುಸ್ತಾವ್ ಹರ್ಮನ್ ಕ್ರುಂಬಿಗಲ್ ಅವರ ಹೆಸರು ಕಾಣುತ್ತದೆ. ಜರ್ಮನಿಯಲ್ಲಿ ಹುಟ್ಟಿ, ಕ್ಯೂ ತೋಟದಲ್ಲಿ ಕೆಲಸ ಮಾಡಿ, ಬರೋಡದ ಗಾಯಕವಾಡರ ತೋಟಗಳನ್ನು ರೂಪಿಸಿದ ಅವರು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1908ರಲ್ಲಿ, ಲಾಲ್‌ಬಾಗಿಗೆ ಬಂದರು ಮತ್ತು 1932ರವರೆಗೆ ಅದನ್ನು ನಡೆಸಿದರು. ವರ್ಷದ ಯಾವ ತಿಂಗಳಲ್ಲಿ ನೋಡಿದರೂ ನಗರದ ಒಂದಲ್ಲ ಒಂದು ಬೀದಿ ಹೂವಿನಿಂದ ತುಂಬಿರಬೇಕೆಂದು, ಹೂಬಿಡುವ ಕಾಲವನ್ನು ಲೆಕ್ಕಹಾಕಿ ಒಂದೊಂದು ರಸ್ತೆಗೆ ಒಂದೊಂದು ಜಾತಿಯ ಮರವನ್ನು ಆರಿಸಿದವರು ಅವರು. ಬೆಂಗಳೂರಿನಲ್ಲಿಯೇ 1956ರಲ್ಲಿ ತೀರಿಕೊಂಡರು. ನರ್ಸರಿಯವರು ಈ ವಿಚಾರವನ್ನು ಹಲಗೆಯಲ್ಲಿ ಬರೆದು ಸುಮ್ಮನಾಗಿಲ್ಲ. ಸಸಿಗಳನ್ನೇ ಹೂಬಿಡುವ ಕ್ರಮದಲ್ಲಿ ನಿಲ್ಲಿಸಿದ್ದಾರೆ: ಮೊದಲು ಟಬೆಬೂಯಾ, ಆಮೇಲೆ ಜಕರಂದಾ, ಆಮೇಲೆ ಗುಲ್‌ಮೊಹರ್, ಮಳೆಗಾಲ ಕಳೆದ ಮೇಲೆ ಆಕಾಶಮಲ್ಲಿಗೆ. ಹೊಸ ಬಡಾವಣೆಯ ಸಂಘದವರು ಅಥವಾ ಶಾಲೆಯವರು ಸಾಲಾಗಿ ಗಿಡ ನೆಡಬೇಕೆಂದಿದ್ದರೆ ಈ ಜೋಡಣೆಯೊಂದೇ ಅರ್ಧ ಯೋಜನೆಯನ್ನು ಮಾಡಿಕೊಡುತ್ತದೆ.

ಇಲ್ಲಿಯೂ ನನ್ನದೊಂದು ಮಾತಿದೆ. ಗುಲ್‌ಮೊಹರ್ ಮಡಗಾಸ್ಕರಿನದು, ಜಕರಂದಾ ದಕ್ಷಿಣ ಅಮೆರಿಕದ್ದು. ಗುಲ್‌ಮೊಹರಿನ ಕೊಂಬೆ ಗಾಳಿಗೆ ಬೇಗ ಮುರಿಯುತ್ತದೆ. ಮುಂಗಾರಿಗೆ ಮುಂಚಿನ ಬಿರುಗಾಳಿಗಳು ಬಲವಾಗಿರುವ ನಮ್ಮ ಬಯಲಿನಲ್ಲಿ ವಿದ್ಯುತ್ ತಂತಿಯ ಕೆಳಗೆ ಅದನ್ನು ನೆಡಬಾರದು. ಜಕರಂದಾ ಇಲ್ಲಿ ಬದುಕುತ್ತದೆ, ಆದರೆ ಬೆಂಗಳೂರಿನಷ್ಟು ದಟ್ಟವಾಗಿ ಹೂ ಬಿಡುವುದನ್ನು ನಾನು ಕಂಡಿಲ್ಲ. ಹೊಂಗೆ, ಬೇವು, ಕಕ್ಕೆ ಸಸಿಗಳು ಇದೇ ನರ್ಸರಿಯಲ್ಲಿ ಒಂದು ಮೂಲೆಗೆ, ಹಲಗೆಯಿಲ್ಲದೆ, ಬಿದ್ದಿವೆ. ನಮ್ಮ ಬೀದಿಗಳಿಗೆ ನಿಜವಾಗಿ ನೆರಳಾಗುವವು ಇವೇ, ಬೆಲೆಯೂ ಕಡಿಮೆ. ನಾಡಿನ ಗಿಡಗಳನ್ನು ಮುಂದೆ ತರಬೇಕೆಂಬ ಕ್ಲೆಗ್‌ಹಾರ್ನನ ಆಶಯವನ್ನು ಬಲ್ಲವರು ಈ ಮೂರಕ್ಕೂ ಹಲಗೆ ಬರೆಸುತ್ತಿದ್ದರು.

ನಾಗಲಿಂಗದ ಸಸಿಯ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಹೆಡೆಯೆತ್ತಿದ ಹಾವಿನ ಕೆಳಗೆ ಲಿಂಗವಿರುವಂತೆ ಕಾಣುವ ಆ ಹೂವನ್ನು ನಮ್ಮ ಭಾಗದ ಮಠಗಳಲ್ಲಿಯೂ ಶಿವನ ಗುಡಿಗಳಲ್ಲಿಯೂ ಭಕ್ತಿಯಿಂದ ಏರಿಸುತ್ತಾರೆ. ಮರ ಮಾತ್ರ ದಕ್ಷಿಣ ಅಮೆರಿಕದ ಮಳೆಕಾಡುಗಳದು. ಲಾಲ್‌ಬಾಗಿನಲ್ಲಿ ಇದರ ದೊಡ್ಡ ಮರಗಳಿದ್ದು, ಬೊಡ್ಡೆಯ ಮೇಲೆಯೇ ಹೂವು ಮತ್ತು ಫಿರಂಗಿ ಗುಂಡಿನಂಥ ಕಾಯಿಗಳು ಬಿಡುವುದನ್ನು ನೋಡಬಹುದು. ಇದು ಹೊರಗಿನಿಂದ ಬಂದ ಮರವೆಂದು ಬರೆದರೆ ಕೊಳ್ಳುವವರು ಹಿಂದೆಗೆಯಬಹುದೆಂಬ ಅಳುಕಿಲ್ಲದೆ ಹಲಗೆಯಲ್ಲಿ ಸತ್ಯವನ್ನೇ ಬರೆದಿದ್ದಾರೆ, ಬೇಡಿಕೆಯೂ ಕಡಿಮೆಯಾಗಿಲ್ಲ. ಮನೆಯ ಅಂಗಳಕ್ಕೆ ಈ ಮರ ಹೊಂದುವುದಿಲ್ಲ. ಕಾಯಿಗಳು ಭಾರವಾಗಿದ್ದು ತಲೆಯ ಮೇಲೆ ಬಿದ್ದರೆ ಅಪಾಯ. ಒಡೆದಾಗ ದುರ್ವಾಸನೆಯೂ ಬರುತ್ತದೆ. ಗುಡಿಯ ವಿಶಾಲವಾದ ಹಿತ್ತಲಿದ್ದರೆ, ನೀರಿನ ಅನುಕೂಲವಿದ್ದರೆ, ಧಾರಾಳವಾಗಿ ನೆಡಬಹುದು.

ನರ್ಸರಿಯ ಜೀವಾಳವಿರುವುದು ಹಣ್ಣಿನ ಕಸಿಗಳಲ್ಲಿ. ಇಲ್ಲಿ ಹಲಗೆಯ ಮಾತು ಚಿಕ್ಕದು, ಕೈಕೆಲಸ ದೊಡ್ಡದು. 1932ರಲ್ಲಿ ಕ್ರುಂಬಿಗಲ್ ಅವರ ನಂತರ ಎಚ್.ಸಿ. ಜವರಾಯರು ಲಾಲ್‌ಬಾಗಿನ ಹೊಣೆ ಹೊತ್ತ ಮೊದಲ ಭಾರತೀಯರಾದರು. 1951ರಲ್ಲಿ ಬಂದ ಎಂ.ಎಚ್. ಮರಿಗೌಡರು ತೋಟದ ವಿದ್ಯೆಯನ್ನು ಬೆಂಗಳೂರಿನ ಬೇಲಿಯಿಂದಾಚೆಗೆ, ರಾಜ್ಯದ ಜಿಲ್ಲೆ ಜಿಲ್ಲೆಗೂ ಒಯ್ದರು. ಊರೂರಿನಲ್ಲಿ ತೋಟಗಾರಿಕೆ ಕ್ಷೇತ್ರಗಳನ್ನೂ ಸಸ್ಯಾಗಾರಗಳನ್ನೂ ತೆರೆದು, ತಾಯಿಮರಗಳನ್ನು ಬೆಳೆಸಿ, ರೈತನಿಗೆ ನಂಬಿಕೆಯ ಕಸಿ ಸಿಗುವಂತೆ ಮಾಡಿದರು. ಬೆಳೆದದ್ದನ್ನು ಮಾರಲು ದಾರಿ ಬೇಕೆಂದು 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವನ್ನು ಕಟ್ಟಲು ಮುಂದಾದರು. ಅದೇ ಮುಂದೆ ಹಾಪ್‌ಕಾಮ್ಸ್ ಆಯಿತು. 1974ರಲ್ಲಿ ಅವರು ನಿವೃತ್ತರಾಗುವ ವೇಳೆಗೆ ತೋಟಗಾರಿಕೆ ರೈತನ ಬದುಕಿನ ಕಸುಬಾಗಿ ಬೇರೂರಿತ್ತು. ಅರಸನೊಬ್ಬನ ವಿ‌ಹಾರಕ್ಕೆಂದು ಹುಟ್ಟಿದ ತೋಟ ಎರಡು ಶತಮಾನಗಳಲ್ಲಿ ಒಕ್ಕಲಿಗನ ಹೊಲಕ್ಕೆ ತಲುಪಿದ ಈ ಪಯಣವನ್ನು ನಾನು ಲಾಲ್‌ಬಾಗಿನ ಅತ್ಯಂತ ದೊಡ್ಡ ಸಾಧನೆಯೆಂದು ಭಾವಿಸುತ್ತೇನೆ. ಗಾಜಿನ ಮನೆಗಿಂತ, ಹೂವಿನ ಗೋಪುರಗಳಿಗಿಂತ ಇದು ದೊಡ್ಡದು. ಮರಿಗೌಡರ ಹೆಸರಿನ ಹಲಗೆಯನ್ನು ಮಾಲೀಕರು ತಮ್ಮ ಮೇಜಿನ ಹಿಂದೆ ಗೋಡೆಗೆ ಹಾಕಿಕೊಂಡಿದ್ದಾರೆ.

ಮಾವಿನಲ್ಲಿ ಬಾದಾಮಿ, ರಸಪುರಿ, ಮಲ್ಲಿಕಾ, ತೋತಾಪುರಿ ಇವೆ, ಸಪೋಟದಲ್ಲಿ ಕಾಲಿಪತ್ತಿ ಮತ್ತು ಕ್ರಿಕೆಟ್ ಬಾಲ್, ಸೀಬೆಯಲ್ಲಿ ಅಲಹಾಬಾದ್ ಸಫೇದಾ, ದಾಳಿಂಬೆಯಲ್ಲಿ ಭಗವಾ. ಮಾವಿನ ಕಸಿ ಒಂದಕ್ಕೆ 120ರಿಂದ 150 ರೂಪಾಯಿ. ನಾನು ಒಯ್ದ ಗಿಡಗಳಲ್ಲಿ ಕಸಿಯ ಕೀಲು ಗಟ್ಟಿಯಾಗಿ ಕೂಡಿತ್ತು, ಕಟ್ಟಿದ ಪ್ಲಾಸ್ಟಿಕ್ ಪಟ್ಟಿಯನ್ನು ಸಕಾಲಕ್ಕೆ ಬಿಚ್ಚಿದ್ದರು, ಬೇರುಸಸಿಯ ಚಿಗುರನ್ನು ಚಿವುಟಿ ತೆಗೆದಿದ್ದರು. ಇಷ್ಟು ಶುದ್ಧವಾದ ಕೆಲಸ ಖಾಸಗಿ ನರ್ಸರಿಗಳಲ್ಲಿ ಎಲ್ಲೆಡೆ ಸಿಗುವುದಿಲ್ಲ. ಕೆಲವು ಸಪೋಟ ಗಿಡಗಳು ಮಾತ್ರ ಚೀಲದಲ್ಲಿ ಬಹಳ ದಿನ ಉಳಿದು, ಬೇರು ತಳದಲ್ಲಿ ಸುರುಳಿ ಸುತ್ತಿಕೊಂಡಿದ್ದವು. ಅಂಥವನ್ನು ನೆಟ್ಟರೆ ವರ್ಷಗಟ್ಟಲೆ ಗಿಡ ಏಳುವುದಿಲ್ಲ. ಚೀಲದ ತಳದಿಂದ ದಪ್ಪ ಬೇರು ಹೊರಬಂದು ನೆಲಕ್ಕೆ ಇಳಿದಿದ್ದರೆ ಆ ಗಿಡವನ್ನು ಬಿಟ್ಟು ಬೇರೊಂದನ್ನು ಆರಿಸಿ. ಕೇಳಿದರೆ ಬದಲಿಸಿ ಕೊಡುತ್ತಾರೆ.

ಮಣ್ಣಿನ ವಿಷಯದಲ್ಲಿ ಕೊಳ್ಳುವವರು ಜಾಗರೂಕರಾಗಿರಬೇಕು. ಚೀಲಗಳಲ್ಲಿರುವುದು ಕೆಂಪುಮಣ್ಣು, ಮರಳು ಮತ್ತು ಕೊಟ್ಟಿಗೆ ಗೊಬ್ಬರದ ಮಿಶ್ರಣ. ನಮ್ಮಲ್ಲಿ ಬಹಳ ಜನರ ನಿವೇಶನ ಎರೆಮಣ್ಣಿನದು. ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗಾಲದಲ್ಲಿ ನೀರು ಹಿಡಿದು ಬೇರನ್ನು ಉಸಿರುಗಟ್ಟಿಸುತ್ತದೆ. ಎರೆಯಲ್ಲಿ ಚಿಕ್ಕ ಗುಂಡಿ ತೋಡಿ ಕೆಂಪುಮಣ್ಣಿನ ಗಡ್ಡೆಯನ್ನು ಹಾಗೆಯೇ ಇಳಿಸಿದರೆ ಆ ಗುಂಡಿಯಲ್ಲಿ ನೀರು ನಿಂತು ಬೇರು ಕೊಳೆಯುತ್ತದೆ. ಅಗಲವಾದ ಗುಂಡಿ ತೆಗೆದು, ಮೇಲ್ಮಣ್ಣಿಗೆ ಮರಳು ಮತ್ತು ಗೊಬ್ಬರ ಬೆರೆಸಿ ತುಂಬಿ, ಗಿಡವನ್ನು ಸುತ್ತಲಿನ ನೆಲಕ್ಕಿಂತ ತುಸು ಎತ್ತರದಲ್ಲಿ ಕೂರಿಸಿ, ನೀರು ಹೊರಗೆ ಹರಿಯುವಂತೆ ಬದು ಮಾಡಬೇಕು. ಭದ್ರಾ ನಾಲೆಯ ಬದಿಯ ಗದ್ದೆಗಳನ್ನು ಬಡಾವಣೆ ಮಾಡಿದ ಕಡೆ ಇದು ಇನ್ನೂ ಅಗತ್ಯ. ಮಾಲೀಕರಿಗೆ ಇದೆಲ್ಲವೂ ಕರಗತ; ‘ಮೊದ್ಲು ನಿಮ್ ಮಣ್ ಹೇಳ್ರಿ ಸರ್, ಆಮ್ಯಾಲೆ ಗಿಡ ಹೇಳ್ತೀನಿ’ ಎನ್ನುವುದು ಅವರ ರೂಢಿ. ಅವರು ಇಲ್ಲದ ಹೊತ್ತಿನಲ್ಲಿ ಕೆಲಸದ ಹುಡುಗರಿಗೆ ಇಷ್ಟು ತಿಳಿಯದು, ಕೇಳಿದ್ದನ್ನು ಎತ್ತಿಕೊಟ್ಟು ಹಣ ಪಡೆಯುತ್ತಾರೆ. ಆದ್ದರಿಂದಲೇ ಈ ತಿಳಿವಳಿಕೆ ಬಾಯಿಂದ ಹಲಗೆಗೆ ಇಳಿಯಬೇಕೆಂದು ನಾನು ಒತ್ತಾಯಿಸುತ್ತೇನೆ. ಗಿಡ ಎಲ್ಲಿಂದ ಬಂತು ಎಂಬುದು ಬರೆದಾಗಿದೆ. ಅದು ದಾವಣಗೆರೆಯ ಎರೆಯಲ್ಲಿ, ದಾವಣಗೆರೆಯ ಬಿಸಿಲಿನಲ್ಲಿ ನಿಲ್ಲುತ್ತದೆಯೇ ಎಂಬುದನ್ನೂ ಅದರ ಕೆಳಗೆ ಬರೆದರೆ ಈ ನರ್ಸರಿ ಲಾಲ್‌ಬಾಗಿನ ಪರಂಪರೆಗೆ ಪೂರ್ಣವಾಗಿ ಸೇರುತ್ತದೆ.

ಭಾನುವಾರ ಜನಸಂದಣಿಯಿಂದಾಗಿ ಮಾಲೀಕರ ಜೊತೆ ಮಾತಾಡಲು ಬಿಡುವು ಸಿಗುವುದಿಲ್ಲ; ವಾರದ ದಿನಗಳಲ್ಲಿ ಬೆಳಿಗ್ಗೆ ಹೋಗುವುದು ಉತ್ತಮ. ಫೋನ್‌ಪೇ ನಡೆಯುತ್ತದೆ, ಕೇಳಿದರೆ ಬರೆದ ರಸೀದಿಯನ್ನೂ ಕೊಡುತ್ತಾರೆ. ಹತ್ತಕ್ಕಿಂತ ಹೆಚ್ಚು ಗಿಡ ಕೊಂಡರೆ ಊರೊಳಗೆ ತಮ್ಮ ಆಟೋದಲ್ಲಿ ಕಳುಹಿಸುತ್ತಾರೆ, ಬಾಡಿಗೆ ಬೇರೆ. ಶಾಲೆಯ ಮಕ್ಕಳನ್ನು ಕರೆದೊಯ್ಯುವ ಶಿಕ್ಷಕರು ಮುಂಚಿತವಾಗಿ ತಿಳಿಸಿದರೆ ಮಾಲೀಕರ ಮಗಳು ಸಾಲುಗಳ ನಡುವೆ ನಡೆದು ವಿವರಿಸುತ್ತಾರೆ, ಅದಕ್ಕೆ ಶುಲ್ಕವಿಲ್ಲ. ಮಾವಿನ ಕಸಿಗಳ ಹೊಸ ತಂಡ ಮುಂಗಾರಿನ ಮೊದಲ ಮಳೆಗಳ ಹೊತ್ತಿಗೆ ಸಿದ್ಧವಾಗುತ್ತದೆ. ರಸಪುರಿ ಬೇಕಾದವರು ಮೇ ತಿಂಗಳಲ್ಲಿಯೇ ಹೆಸರು ಬರೆಸುವುದು ಕ್ಷೇಮ, ಏಕೆಂದರೆ ಮೊದಲು ಖಾಲಿಯಾಗುವುದು ಅದೇ.